ಬಾವಿಗೆ ಬಿದ್ದವನ ನಾಟಕ

ಹೋದ ಆಷಾಢದಲ್ಲಿ ಅರಕೆರೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನನ್ನ ಅತ್ತೆ ದೊಡ್ಡತಾಯಮ್ಮನಿಗೂ ಪಕ್ಕದ ಮನೆಯ ಬಡಗಿ ಶ್ರೀನಾಥಾಚಾರಿಗೂ ಹಳೆಯ ರೇಡಿಯೋ ಹಾಸ್ಯವೆಂದರೆ ಪ್ರಾಣ. ಅವತ್ತು ಮಧ್ಯಾಹ್ನ ಕಾಫಿ ಕುಡಿಯುತ್ತಾ, ಕಿವುಡರ ಊರಿನ ನಾಟಕದಲ್ಲಿ ಯಾವ ಭಾಗ ಚೆಂದ ಎಂದು ಇಬ್ಬರೂ ವಾದಕ್ಕೆ ಬಿದ್ದಿದ್ದರು.

“ಬಾವಿಗೆ ಬಿದ್ದೋನು ಅಗ್ಗ ಬುಡ್ರೋ ಅಂದ್ರೆ ಮಗ್ಗು ಬುಡ್ತಾರಲ್ಲ, ಅದೇ ಕಣ್ಲಾ!” ಎಂದರು ಅತ್ತೆ.

“ಆ ಕ್ಯಾಸೆಟ್ಟೇ ನನ್ತಾವ ಅದೆ, ಇರಿ ದೊಡ್ಡವ್ವ,” ಎಂದು ಆಚಾರಿ ತಮ್ಮ ಟೇಪ್‌ರೆಕಾರ್ಡರ್ ತಂದು ಹಾಕಿದರು.

ಬಾವಿಯ ಭಾಗ ಬಂತು. ಕೂಗಿದ್ದು ನಟನಲ್ಲ. ಹಿಂದಿನ ವರ್ಷ ನಾಲೆಯಲ್ಲಿ ಕೊಚ್ಚಿಹೋದ ನಮ್ಮ ಮಾವ, ಅತ್ತೆಯ ಗಂಡ.

“ತಾಯೀ, ನೀರು ಕೊರೀತದೆ ಕಣೇ. ಕೈ ಕೊಡೇ.” ಅತ್ತೆಯನ್ನು ಮಾವ ಕರೆಯುತ್ತಿದ್ದುದೇ ಹಾಗೆ.

ಟೇಪಿನಲ್ಲಿ ಜನ ಗೊಳ್ಳೆಂದು ನಕ್ಕರು. ಮಾವ ಮತ್ತೆ ಕೂಗಿದರು; ಬಾಯಿಗೆ ನೀರು ನುಗ್ಗುವುದು ಕೇಳಿಸಿತು. ನಗು ಇನ್ನೂ ಜೋರಾಯಿತು. ನಡುಮನೆಯೆಲ್ಲ ನಾಲೆಯ ಕೆಸರಿನ ವಾಸನೆ. ನನ್ನ ಕೈಯಲ್ಲಿದ್ದ ಕಾಫಿ ತಣ್ಣಗೆ ಕೊರೆಯುತ್ತಿತ್ತು.

ಆಚಾರಿ ಕೈ ಚಾಚಿದಾಗ ಅತ್ತೆ ತಡೆದರು. “ನಿಲ್ಲುಸ್ಬೇಡ ಕಣ್ಲಾ, ಕರೀತಾವ್ರೆ.” ಟೇಪಿಗೆ ಮುಖವಿಟ್ಟು, “ಬಂದೆ ಇರಿ, ಬಂದೆ,” ಎಂದರು.

ಮಾವನ ಸದ್ದು ಅಡಗಿತು. ಜನರ ನಗುವೂ ಅಡಗಿತು. ಆಮೇಲೂ ಒಬ್ಬ ಹೆಂಗಸು ಮಾತ್ರ ಕೆಮ್ಮಿ ಕೆಮ್ಮಿ ನಗುತ್ತಲೇ ಇದ್ದಳು. ಅದು ಅತ್ತೆಯ ನಗು.

“ನಾನು ನಗ್ಲಿಲ್ಲ ಕಣಮ್ಮಿ,” ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು.

ಆ ಕ್ಯಾಸೆಟ್ಟನ್ನು ಊರಿನ ಎಷ್ಟೋ ಜನಕ್ಕೆ ಹಾಕಿ ಕೇಳಿಸಿದೆವು. ಮಾವನ ದನಿ ಒಬ್ಬರಿಗೂ ಕೇಳಿಸಲಿಲ್ಲ. ಅತ್ತೆಯ ನಗುವನ್ನು ಮಾತ್ರ ಎಲ್ಲರೂ ಗುರುತು ಹಿಡಿದರು.