ಫೈರ್ ಇಂಜಿನ್ ಮರೆಯಲ್ಲಿ ತುಂಬಿದ ಉಡಿ

"ಈ ಗಾಡಿ ಬಾಜೂಕ ಯಾರ ಕೈಯಿಂದನೂ ಉಡಿ ತುಂಬಿಸ್ಕೋಬ್ಯಾಡ, ತಂಗಿ," ಎಂದಳು ಕಲ್ಲೋಳಿಯ ಮುದುಕಿ ಕಾಡವ್ವ. "ಮಾಟ ಉಡಿಗೆ ದಾಟತೈತಿ."

ಶೈಲಾ ನಕ್ಕುಬಿಟ್ಟಳು. ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಹಳೆಯ ಇಂಜಿನ್‌ಗಳನ್ನು ಬಿಚ್ಚಿ ಜೋಡಿಸಿದವಳಿಗೆ ಇಂಥ ಮಾತು ಹೇಗೆ ತಾನೆ ರುಚಿಸೀತು? "ಇದಕ್ಕ ಹಿಡದಿದ್ದು ಮಾಟ ಅಲ್ರಿ ಅಜ್ಜಿ, ತುಕ್ಕು."

ಕಾಡವ್ವ ನಗಲಿಲ್ಲ. ಹಿಂದೊಮ್ಮೆ ಗುಡಿಸಲು ಹೊತ್ತಿ ಉರಿಯುವಾಗ ಈ ಫೈರ್ ಇಂಜಿನ್ ಖಾಲಿ ಟ್ಯಾಂಕಿನೊಂದಿಗೆ ಬಂದು ನಿಂತಿತ್ತಂತೆ. ಆ ಬೆಂಕಿಯಲ್ಲಿ ಮಗುವನ್ನು ಕಳೆದುಕೊಂಡ ತಾಯಿ ಅಲ್ಲಿಯ ಬೂದಿಗೇ ಮಾಟ ಮಾಡಿಸಿ, ಕರಿ ಬಟ್ಟೆಯಲ್ಲಿ ಗಂಟು ಕಟ್ಟಿ ಟ್ಯಾಂಕಿನೊಳಗೆ ಇರಿಸಿದ್ದಳಂತೆ. ಆ ಗಂಟನ್ನು ಮೊದಲು ಬಿಚ್ಚಿದವರ ಮೈ ಉರಿಯುತ್ತದೆ, ನೀರು ಸೋಕಿದರೆ ಇನ್ನಷ್ಟು ಉರಿಯುತ್ತದೆ. ಇನ್ನೊಬ್ಬಳು ಮನಸಾರೆ ಒಡ್ಡಿದ ಉಡಿಗೆ ಅದನ್ನು ಹಾಕಿದರೆ ಮಾತ್ರ ಬಿಡುಗಡೆ. ಇಷ್ಟು ಹೇಳಿದ ಮುದುಕಿ ಯಾರ ಹೆಸರನ್ನೂ ಎತ್ತಲಿಲ್ಲ. ಅತ್ತಿತ್ತ ನೋಡಿ ಎದ್ದುಹೋದಳು.

ಗಾಡಿ ಅದೇ ಊರಿನ ಅನ್ನಪೂರ್ಣಾಳದು. ಗುಜರಿಯಿಂದ ತಂದು, ದುರಸ್ತಿಗೆಂದು ಶೈಲಾಳನ್ನು ಕರೆಸಿ, ಆರು ತಿಂಗಳು ಒಡಹುಟ್ಟಿದವಳಂತೆ ಬಿಸಿ ರೊಟ್ಟಿ ಬಡಿಸಿದವಳು. ಅಂಗೈಗೆ ಸುತ್ತಿದ ಬಟ್ಟೆಯನ್ನು ಮಾತ್ರ ಎಂದೂ ಬಿಚ್ಚುತ್ತಿರಲಿಲ್ಲ. "ಬ್ಯಾಟರಿ ಆಸಿಡ್ ಬಿದ್ದೈತಿ," ಎಂದಿದ್ದಳು. ಶೈಲಾ ನಂಬಿದ್ದಳು. ಉಣ್ಣಿಸಿದವರನ್ನು ಯಾರಾದರೂ ಅಡ್ಡಪ್ರಶ್ನೆ ಕೇಳುತ್ತಾರೆಯೇ?

ಗೋಕಾಕದ ಮೈದಾನದಲ್ಲಿ ಹಳೆಯ ಗಾಡಿಗಳ ಪ್ರದರ್ಶನದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಕೆಂಪು ಗಾಡಿಯ ಹಿತ್ತಾಳೆ ಗಂಟೆ ಬಾರಿಸಲು ಜನ ಮುಗಿಬಿದ್ದಿದ್ದರು. ಹೊಸ ಪೇಂಟಿನ ವಾಸನೆಯ ಅಡಿಯಲ್ಲಿ ಸುಟ್ಟ ಕೂದಲಿನ ಕಮಟು. ಶೈಲಾ ಮೂಗು ಉಜ್ಜಿಕೊಂಡಳು.

ಅನ್ನಪೂರ್ಣಾ ಅವಳನ್ನು ಗಾಡಿಯ ಮರೆಗೆ ಕರೆದಳು. ಕೈಯಲ್ಲಿ ತಾಟು ಇತ್ತು. "ಭಾಳ ದುಡದಿ. ತವರುಮನಿ ಅನ್ಕೊಂಡು ಉಡಿ ಒಡ್ಡವ್ವ."

ಶೈಲಾಳಿಗೆ ತಾಯಿಯಿರಲಿಲ್ಲ, ಉಡಿ ತುಂಬುವ ತವರೂ ಇರಲಿಲ್ಲ. ಕಾಡವ್ವನ ಮಾತು ನೆನಪಾಯಿತು. ನೆನಪಾದದ್ದಕ್ಕೇ ನಾಚಿಕೆಯಾಯಿತು. ಸೆರಗು ಒಡ್ಡಿದಳು.

ಅಕ್ಕಿ. ಕೊಬ್ಬರಿ ಬಟ್ಟಲು. ಅರಿಷಿಣ ಕೊಂಬು. ಅಕ್ಕಿಯ ನಡುವೆ ಕರಿ ಬಟ್ಟೆಯ ಗಂಟು.

ಉಡಿ ಬಿಸಿಯಾಯಿತು. ಸೆರಗು ಕೊಡವಿದಳು. ಅಕ್ಕಿ ಚೆಲ್ಲಿತು. ಉರಿ ಚೆಲ್ಲಲಿಲ್ಲ. ಹೊಟ್ಟೆ. ಎದೆ. ಗಂಟಲು. ಓಡಿಹೋಗಿ ನಲ್ಲಿಗೆ ಬಾಯಿಟ್ಟಳು. ನೀರು ಕಾದ ಎಣ್ಣೆಯಂತೆ ಇಳಿಯಿತು. ತುಟಿಯ ಮೇಲೆ ಗುಳ್ಳೆಗಳೆದ್ದವು. ಕೂಗಲು ದನಿಯಿರಲಿಲ್ಲ. ಆಚೆ ಜನ ಗಂಟೆ ಬಾರಿಸುತ್ತಲೇ ಇದ್ದರು.

ಅನ್ನಪೂರ್ಣಾ ಅಂಗೈಯ ಬಟ್ಟೆ ಬಿಚ್ಚಿ ಅದೇ ನಲ್ಲಿಯಡಿ ಕೈ ಹಿಡಿದಳು. ತಂಪು ತಗುಲಿ ಬಿಕ್ಕಿ ಬಿಕ್ಕಿ ಅತ್ತಳು.

"ಯಾಕ, ಅಕ್ಕಾ?" ಶೈಲಾಳ ತುಟಿ ಅಲುಗಿತು.

"ಊರಾಗ ಎಲ್ಲಾರಿಗೂ ಗೊತ್ತೈತಿ. ನನ್ನ ಮುಂದ ಯಾರೂ ಉಡಿ ಒಡ್ಡಾಂಗಿಲ್ಲ," ಎಂದಳು ಅನ್ನಪೂರ್ಣಾ, ಕಣ್ಣೊರೆಸಿಕೊಳ್ಳುತ್ತ. "ನನ್ನ ನಂಬಾಕಿ ನೀ ಒಬ್ಬಾಕಿನ ಇದ್ದಿ."