ಚೌಡಮ್ಮನ ಕಣ

ಸೇಲಂನ ಮೇಷ್ಟ್ರು ಹೃಷೀಕೇಶ ೧೯೯೭ರಲ್ಲಿ ಹೊಸೂರಿನ ಹೊಸ ಬಡಾವಣೆಯಲ್ಲಿ ಕೊಂಡ ಸೈಟು ಮುದುಕಿ ಚೌಡಮ್ಮನ ಕಣವಾಗಿತ್ತು.

"ಈ ಸಲದ ರಾಗಿ ಒಕ್ಕಂಡ್ ಬುಡ್ತೀನಿ ಸಾಮಿ, ಆಮ್ಯಾಕೆ ಅಗೀರಿ," ಎಂದಳು ಆಕೆ.

"ಆಗಲಮ್ಮ," ಎಂದು ಮಾತು ಕೊಟ್ಟವನು, ಕಂಪ್ಯೂಟರ್ ಕಂಪನಿಯವರು ಬಾಡಿಗೆಗೆ ಬರುತ್ತಾರೆಂಬ ಆತುರದಲ್ಲಿ ಮರುವಾರವೇ ಪಾಯ ತೆಗೆಸಿದ. ಒಕ್ಕಲು ಜಾಗವಿಲ್ಲದೆ ಅವಳ ರಾಗಿ ಮಳೆಗೆ ಕೊಳೆಯಿತು. ಆ ಕೊರಗಿನಲ್ಲೇ ಚೌಡಮ್ಮ ತೀರಿಕೊಂಡಳು.

ಮನೆಗೆ ಬಾಡಿಗೆಗೆ ಬಂದ ವಾಣಿ ಎರಡೇ ತಿಂಗಳಿಗೆ ಅವನನ್ನು ಕರೆಸಿದಳು. "ಮಧ್ಯಾಹ್ನ ಆದ್ರೆ ಹಾಲ್‌ನಾಗೆ ಯಾರೋ ಮೊರದಲ್ಲಿ ಕೇರ್ತಾರೆ ಸಾರ್. ನೆಲ ಐಸ್ ಆಗ್ತೈತೆ."

ಹೃಷೀಕೇಶ ನಂಬದೆ ಅಲ್ಲೇ ಕುಳಿತ. ಹನ್ನೆರಡಕ್ಕೆ ಪಾದದಡಿಯ ನೆಲ ತಣ್ಣಗಾಯಿತು. ಕಿವಿಯ ಪಕ್ಕದಲ್ಲೇ ಮೊರದ ಸದ್ದು ಕೇಳಿತು.

"ತಪ್ಪಾಯ್ತಮ್ಮ," ಎಂದು ಅವನು ಕೈಮುಗಿದ.

ಕೇಳಿಸಿಕೊಂಡವರ ಹಾಗೆ ಸದ್ದು ಅರೆಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.