ಆಚೆ ಹೋದ ಕಾಲು

ಎಪ್ಪತ್ತೊಂಬತ್ತನೇ ಇಸವಿ, ಬೇಸಗೆ ಶುರುವಾಗುವ ಮಾಯಿ ತಿಂಗಳು, ಬೆಳಗಿನ ಎಂಟು ಗಂಟೆ. ತೋಡಿನಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತಿದ್ದ ಪದ್ಮಯ್ಯ ಗೌಡರು ನಡುವಲ್ಲೇ ನಿಂತುಬಿಟ್ಟರು. ಆಚೆಮನೆ ದೇರಣ್ಣನ ಅಲಸಂಡೆ ಗದ್ದೆಯಲ್ಲಿ ಅವರ ಕಾಲು ನಿಂತಿತ್ತು.

ಬಲಗಾಲು. ತೊಡೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟರು. ಬೆದರುಬೊಂಬೆಗೆ ತಲೆಯಿರಬೇಕಾದಲ್ಲಿ ಅಡಿಕೆ ಹಾಳೆಯ ಒಂದು ಟೊಪ್ಪಿ. ಮೊಣಕಾಲಿನ ಹತ್ತಿರ ಕಂಪೌಂಡರು ನೀಲಿ ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಅಳಿಸಿರಲಿಲ್ಲ— 'ಪದ್ಮಯ್ಯ, ಬಲ'.

ಗೌಡರು ಬಗ್ಗಿ ತಮ್ಮ ಸ್ವಂತ ಕಾಲನ್ನು ಮುಟ್ಟಿ ನೋಡಿಕೊಂಡರು. ಅದು ಇತ್ತು. ಬಂದ ದಾರಿಯಲ್ಲೇ ತಿರುಗಿ ಕಡಬದ ಹತ್ತು ಮಂಚದ ಆಸ್ಪತ್ರೆಗೆ ನಡೆದರು. ಕಟ್ಟಡ ಅವರದ್ದೇ.

"ನನ್ನ ಮೈಯಿಂದ ಬಿಚ್ಚಿದ್ದು ಇನ್ನೊಬ್ಬನ ಗದ್ದೆಗೆ ಹೋಗುದು ಅಂದ್ರೆ ಅದು ಮಾಟವೇ. ಕೊಂಡುಹೋದವ ಯಾರು ಅಂತ ಶನಿವಾರದೊಳಗೆ ಗೊತ್ತಾಗ್ಬೇಕು ಡಾಕ್ಟ್ರೆ. ಇಲ್ಲದಿದ್ರೆ ಕಟ್ಟಡ ಬಿಟ್ಟುಕೊಡಿ."

ಡಾಕ್ಟರು ಮೈಸೂರು ಕಡೆಯವರು, ಬಂದು ಮೂರು ತಿಂಗಳು. ಮಾಟಕ್ಕಿಂತ ದೊಡ್ಡ ಏಟು ಅವರಿಗೆ ಬಿದ್ದಿತ್ತು. ಆಸ್ಪತ್ರೆಯ ಕಸವೆಂದರೆ ಅವರಿಗೆ ಮೈಯೆಲ್ಲ ಕಣ್ಣು. ಹತ್ತಿಯನ್ನು ಚಿಟಿಕೆ ಲೆಕ್ಕದಲ್ಲಿ ಕೊಡುತ್ತಿದ್ದರು. ಬ್ಯಾಂಡೇಜನ್ನು ಕುದಿಸಿ, ಒಣಗಿಸಿ, ಸುತ್ತಿಡಿಸುತ್ತಿದ್ದರು. ಹಿತ್ತಲಲ್ಲಿ ಎರಡು ಗುಂಡಿ ತೋಡಿಸಿದ್ದರು— ಒಂದು ಸುಡಲಿಕ್ಕೆ, ಒಂದು ಒಡಕು ಗಾಜು ಮತ್ತು ಸೂಜಿಗೆ. ದಿನಾ ಬೆಳಿಗ್ಗೆ ಕೋಲಿನಿಂದ ಕೆದಕಿ ನೋಡುವುದು ಬೇರೆ. ಬಿಚ್ಚಿದ ಐದು ಪ್ಲಾಸ್ಟರುಗಳಲ್ಲಿ ಒಂದರ ಚೂರೂ ಆ ಗುಂಡಿಗಳಲ್ಲಿ ಸಿಕ್ಕಿರಲಿಲ್ಲ. ಸುಟ್ಟರೆ ಸುಡದ, ಹೂತರೆ ಕರಗದ ವಸ್ತು ಹೋದದ್ದೆಲ್ಲಿಗೆ?

ಗುಂಡಿಗಳ ಪಾರುಪತ್ಯ ಆಯಾ ಅಕ್ಕುವಿನದು. ಡಾಕ್ಟರು ಅವಳನ್ನು ಕರೆಸಿದರು.

"ಆಸ್ಪತ್ರೆ ಕಸ ಊರಿಗೆ ಹೋದ್ರೆ ರೋಗಾನೂ ಊರಿಗೆ ಹೋಗುತ್ತೆ. ಶನಿವಾರದೊಳಗೆ ನಿಜ ಹೇಳ್ಲಿಲ್ಲ ಅಂದ್ರೆ ನಿನ್ನ ಆಚೆ ಹಾಕ್ಬಿಡ್ತೀನಿ."

ಅಕ್ಕು ತಲೆ ತಗ್ಗಿಸಿ ಹೊರಬಂದಳು. ಈ ಕೆಲಸ ಹೋದರೆ ಉಳಿಯುವುದು ಬೀಡಿ ಕಟ್ಟುವುದು. ಅವಳ ಎಡಗೈಯ ಎರಡು ಬೆರಳು ಬಗ್ಗುತ್ತಿರಲಿಲ್ಲ.

ಗೇಟಿನ ಬಳಿ ಸ್ಟೂಲಿನಲ್ಲಿ ಕೂತಿದ್ದ ಕಾವಲಿನ ತ್ಯಾಂಪಣ್ಣ ಇದನ್ನೆಲ್ಲ ಕೇಳಿಸಿಕೊಂಡರು. ಅವರ ಓದು ಎರಡನೇ ಕ್ಲಾಸಿಗೇ ನಿಂತದ್ದು. ಆದರೆ ಯಾರು ಯಾವ ಮಾತನ್ನು ಯಾವಾಗ ಆಡಿದರೆಂಬುದು ಅವರಿಗೆ ಮರೆಯುತ್ತಿರಲಿಲ್ಲ. ಅಕ್ಕು ಸುಳ್ಳು ಹೇಳಿದ್ದು ಅವರ ನೆನಪಿನಲ್ಲಿ ಇರಲಿಲ್ಲ.

ಮೊದಲು ವಾರ್ಡಿನ ಕೆಲಸದಾಳು ಬೋಜನನ್ನು ಹಿಡಿದರು. ಗುಂಡ್ಯ ಕಡೆಯವ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವ, ಹೇಳದ್ದನ್ನು ಮುಟ್ಟದವ.

"ಪ್ಲಾಸ್ಟರು ಕದ್ದೆಯಾ ಬೋಜ?"

"ಇಲ್ಲ."

"ಮಾರಿದೆಯಾ?"

"ಅದನ್ನು ಯಾರು ತೆಕ್ಕೊಳ್ತಾರೆ ಮಾರಾಯ್ರೆ?"

"ಗುಂಡಿಗೆ ಹಾಕಿದೆಯಾ?"

"ಗುಂಡಿಗೆ ಹಾಕ್ಲಿಕ್ಕೆ ನನಗೆ ಯಾರೂ ಹೇಳ್ಲಿಲ್ಲ."

ಅಷ್ಟರಲ್ಲಿ ಒಳಗೆ ಗಂಟೆ ಬಡಿಯಿತು, ಬೋಜ ಓಡಿದ.

ತ್ಯಾಂಪಣ್ಣ ಆಸ್ಪತ್ರೆಯ ಹಿತ್ತಲಿನ ತೋಡು ದಾಟಿದರು. ದೇರಣ್ಣನ ಗದ್ದೆಯಲ್ಲಿ ಗೌಡರ ಕಾಲು ಒಂದೇ ಅಲ್ಲ— ಇನ್ನೂ ಎರಡು ಕಾಲು, ಎರಡು ಕೈ. ಬೇಲಿಯ ಹತ್ತಿರ ಆಸ್ಪತ್ರೆಯ ಮೂರು ಕಾಲಿನ ಬೆಂಚು. ಅದರ ಕೆಳಗೆ ವಾರ್ಡಿನಲ್ಲಿ ಮಲಗುತ್ತಿದ್ದ ಕುಂಟುನಾಯಿ, ಮೊದಲಿಗಿಂತ ದಪ್ಪ. ಜಗಲಿಯಲ್ಲಿ ಕಷಾಯದ ಗ್ಲಾಸು ಹಿಡಿದು ಕೂತವರು ಗುಜರಿ ವ್ಯಾಪಾರದ ಅಲಿ ಕುಂಞಿ.

ಗುಜರಿ. ಕೊಂಡುಹೋದವರು ಇವರೇ ಎಂದು ತ್ಯಾಂಪಣ್ಣನ ಮನಸ್ಸು ಒಮ್ಮೆ ಹೇಳಿತು.

"ಸಾಹೇಬ್ರಿಗೆ ಇಲ್ಲಿ ಎಂತ ಕೆಲಸ?"

"ಕೆಲಸ ಎಂತ ಇಲ್ಲ. ಕೆಮ್ಮು. ಕೂತದ್ದು. ಕರೆದರೆ ಹೋಗುದು."

ದೇರಣ್ಣನನ್ನು ಕೇಳಿದರೆ ಅವನಲ್ಲಿ ಅಡಗಿಸುವಂಥದ್ದು ಏನೂ ಇರಲಿಲ್ಲ. ಎಲ್ಲ ಬೇಲಿಯಲ್ಲಿ ದಾಟಿಹೋಗುವ ತಡಮೆಯ ಹತ್ತಿರ ಸಿಕ್ಕಿದ್ದಂತೆ. ಬಿಸಾಡಿದ್ದಲ್ಲ, ಬೇಲಿಗೆ ಒರಗಿಸಿ ಚೆಂದ ಮಾಡಿ ಇಟ್ಟದ್ದು. "ದೊಡ್ಡವರು ಕೊಟ್ಟದ್ದನ್ನು ಬೇಡ ಅನ್ಬಾರದು. ಮಂಗಗಳು ಎಂಟು ದಿನದಿಂದ ಈ ಕಡೆ ಮುಖ ಹಾಕ್ಲಿಲ್ಲ."

ಚೆಂದ ಮಾಡಿ ಇಟ್ಟದ್ದು. ಯಾವ ಕಳ್ಳ ಕದ್ದ ಮಾಲನ್ನು ಹೊತ್ತು ತಂದು ಇನ್ನೊಬ್ಬನಿಗೆ ಒರಗಿಸಿ ಇಡುತ್ತಾನೆ? ಎರಡು ದಿನ ತ್ಯಾಂಪಣ್ಣ ಇದನ್ನೇ ಎಲೆಯಡಿಕೆಯ ಜೊತೆ ಜಗಿದರು.

ಶುಕ್ರವಾರ ಮಧ್ಯಾಹ್ನ ಅಕ್ಕು ಬಟ್ಟೆಯ ಗಂಟು ಕಟ್ಟುತ್ತಿದ್ದಳು.

"ಕೆಲಸ ಹೋದ್ರೆ ಹೋಯ್ತು ತ್ಯಾಂಪಣ್ಣ. ಅದಲ್ಲ ನನ್ನ ಬೇಜಾರು. ದೇರಣ್ಣನ ಮನೆಯಲ್ಲಿ ನಾನು ಎಂತ ಮಾಡುದು?"

"ದೇರಣ್ಣನ ಮನೆಗೆ ಯಾಕೆ ಹೋಗ್ತಿ?"

"ಡಾಕ್ಟ್ರೇ ಹೇಳಿದ್ದಲ್ವಾ, ಆಚೆ ಹಾಕ್ತೇನೆ ಅಂತ."

ತ್ಯಾಂಪಣ್ಣ ಜಗಿಯುವುದನ್ನು ನಿಲ್ಲಿಸಿದರು. "ಗಂಟು ಬಿಚ್ಚು," ಎಂದರು.

ಶನಿವಾರ ಬೆಳಿಗ್ಗೆ ಗೌಡರು ಬಂದು ಕುರ್ಚಿ ಎಳೆದು ಕೂತರು. ಅಕ್ಕು ಬಾಗಿಲ ಸಂದಿಯಲ್ಲಿ ನಿಂತಳು. ತ್ಯಾಂಪಣ್ಣ ತಳ ಒಡೆದ ಒಂದು ಬೇಸನ್ನನ್ನು ಡಾಕ್ಟರ ಮುಂದೆ ಹಿಡಿದರು.

"ಇದನ್ನು ಎಂತ ಮಾಡುದು ಡಾಕ್ಟ್ರೆ?"

"ಇದನ್ನೂ ನನ್ನೇ ಕೇಳ್ಬೇಕಾ? ಬೋಜ, ಆಚೆ ಹಾಕಯ್ಯ."

ಬೋಜ ಬೇಸನ್ನನ್ನು ತೆಗೆದುಕೊಂಡ. ಹಿತ್ತಲಿಗೆ ಹೋದ, ಎರಡು ಗುಂಡಿಗಳ ನಡುವೆ ನಡೆದ, ತೋಡು ದಾಟಿದ, ದೇರಣ್ಣನ ತಡಮೆಗೆ ಅದನ್ನು ಒರಗಿಸಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿ, ಸ್ವಲ್ಪ ನೆಟ್ಟಗೆ ಮಾಡಿ ವಾಪಸು ಹೊರಟ. ಕಿಟಕಿಯಲ್ಲಿ ನಾಲ್ಕು ತಲೆಗಳಿದ್ದವು.

"ಕೊಂಡುಹೋದವ ಬೋಜ," ಎಂದರು ತ್ಯಾಂಪಣ್ಣ. "ಕಳಿಸಿದವರು ನೀವು. ಮೈಸೂರಲ್ಲಿ ಆಚೆ ಅಂದ್ರೆ ಹೊರಗೆ. ನಮ್ಮಲ್ಲಿ ಆಚೆ ಅಂದ್ರೆ ಆ ಬದಿ. ಆ ಬದಿಯಲ್ಲಿ ಇರುದು ಒಂದೇ ಮನೆ, ಹೆಸರೇ ಆಚೆಮನೆ. ಅವನಿಗೆ ಕದ್ದೆಯಾ ಅಂತ ಎಲ್ಲರೂ ಕೇಳಿದ್ದು, ನಾನೂ ಕೇಳಿದ್ದು. ಎಲ್ಲಿ ಇಟ್ಟೆ ಅಂತ ಒಬ್ಬನೂ ಕೇಳ್ಲಿಲ್ಲ."

ಡಾಕ್ಟರ ಮುಖ ಅವರ ಕೋಟಿನ ಬಣ್ಣಕ್ಕೆ ತಿರುಗಿತು.

"ಹಾಗಾದ್ರೆ... ಆ ಕೆಮ್ಮಿನ ಅಲಿ ಕುಂಞಿ? ಬುಧವಾರ ಬೋಜನ ಹತ್ರ, ಇವರನ್ನ ಆಚೆ ಕೂರಿಸು, ಕರೀತೀನಿ ಅಂದಿದ್ದೆ."

"ದಿನಾ ಬೆಳಿಗ್ಗೆ ಬಂದು ಕೂತು ಸಂಜೆ ಹೋಗ್ತಾರೆ. ದೇರಣ್ಣನ ಹೆಂಡತಿಯ ಕಷಾಯದಲ್ಲಿ ಕೆಮ್ಮು ಗುಣ ಆಯ್ತಂತೆ. ಆದರೂ ನೀವು ಕರೀಲಿಕ್ಕೆ ಕಾಯ್ತಾ ಇದ್ದಾರೆ, ಮರ್ಯಾದೆಗೆ."

ಮೊದಲು ನಕ್ಕದ್ದು ಗೌಡರು. ತಮ್ಮ ಕಾಲನ್ನು ತಾವೇ ಹೆಗಲ ಮೇಲೆ ಹೊತ್ತು ತಂದು, ಹಾರೆಯಿಂದ ಪುಡಿಮಾಡಿದರು. ಮಾಟಕ್ಕೆ ಅಲ್ಲಿಗೆ ಮುಕ್ತಾಯ. ಉಳಿದ ನಾಲ್ಕನ್ನು ಬೋಜ ವಾಪಸು ತಂದ. ಅದೇ ವಾರ ಡಾಕ್ಟರು ಪ್ಲಾಸ್ಟರಿಗೆಂದೇ ಮೂರನೇ ಗುಂಡಿ ತೋಡಿಸಿದರು. ಅದರ ಪಾರುಪತ್ಯವೂ ಅಕ್ಕುವಿಗೇ. ಮಂಗಗಳು ಮಾತ್ರ ಸೋಮವಾರವೇ ಅಲಸಂಡೆಗೆ ಇಳಿದವು, ದೇರಣ್ಣ ಆಸ್ಪತ್ರೆಯವರ ಜೊತೆ ಒಂದು ವರ್ಷ ಮಾತು ಬಿಟ್ಟ.

ಡಾಕ್ಟರು ಆಮೇಲೆ 'ಎಂತ' ಕಲಿತರು, 'ಉಂಟು' ಕಲಿತರು. ಎರಡು ವರ್ಷ ಕಳೆದು ಊರಿಗೆ ಹೊರಟ ದಿನ ಬಸ್ಸು ಬಂದೇಬಿಟ್ಟಿತು, ಅವಸರಕ್ಕೆ ಹಳೆಯ ಬಾಯಿ ಬಂತು— "ಬೋಜ, ಪೆಟ್ಟಿಗೆ ಆಚೆ ಇಡಯ್ಯ."

ಡಾಕ್ಟರು ಹೋದದ್ದು ಗುರುವಾರ. ಪೆಟ್ಟಿಗೆ ದೇರಣ್ಣನ ತಡಮೆಯಿಂದ ತೋಡು ದಾಟಿ ಬಸ್ಸಿಗೆ ಬಂದದ್ದು ಶುಕ್ರವಾರ, ಅಕ್ಕುವಿನ ತಲೆಯ ಮೇಲೆ.